ಹಸು ಮೇಯುವ ಹೊಲದಲ್ಲಿ ಹಾಡಿನ ಜಾತ್ರೆ

ಜೂನ್ ಕೊನೆಯ ವಾರವೆಂದರೆ ಇಂಗ್ಲೆಂಡಿನವರ ಲೆಕ್ಕದಲ್ಲಿ ನಡುಬೇಸಿಗೆ. 2016ರಲ್ಲಿ ಸಾಮರ್ಸೆಟ್ ಕೌಂಟಿಯ ಪಿಲ್ಟನ್ ಹಳ್ಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಗ್ಲಾಸ್ಟನ್‌ಬರಿ ಸಂಗೀತೋತ್ಸವ ನಡೆಯುವುದು ಅದೇ ಹಳ್ಳಿಯ ವರ್ದಿ ಫಾರ್ಮ್ ಎಂಬ ಹೈನು ಜಮೀನಿನಲ್ಲಿ. ಗೇಟು ತೆರೆಯುವುದು ಬುಧವಾರ. ಅದಕ್ಕೆ ಮುಂಚೆ ಹಿಡಿದ ಮಳೆಗೆ ಕಾರು ನಿಲ್ಲಿಸುವ ಹುಲ್ಲುಗಾವಲುಗಳೇ ಮೆತ್ತಗಾಗಿ, ಒಳಗೆ ಹೋದ ಕಾರು ಹೊರಗೆ ಬಾರದೆ, ಟ್ರ್ಯಾಕ್ಟರುಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಹಿಂದೆ ಮೈಲುಗಟ್ಟಲೆ ಸಾಲು. ಹನ್ನೆರಡು ಗಂಟೆ ಕಾರಿನಲ್ಲೇ ಕೂತವರಿದ್ದರು. ಇನ್ನೂ ಮನೆ ಬಿಡದವರು ದಯವಿಟ್ಟು ಹೊರಡಬೇಡಿ ಎಂದು ಸಂಘಟಕರೇ ಕೇಳಿಕೊಂಡರು. ಉತ್ಸವ ಶುರುವಾದ ದಿನವೇ ಬರಬೇಡಿ ಅನ್ನುವ ಉತ್ಸವವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನನ್ನು ಕರೆದುಕೊಂಡು ಹೋದವಳು ಬ್ರಿಸ್ಟಲ್‌ನಲ್ಲಿ ನರ್ಸ್ ಆಗಿರುವ ಚಿಕ್ಕಪ್ಪನ ಮಗಳು. ಈ ಉತ್ಸವದ ಟಿಕೆಟ್ ಕೊಳ್ಳಬೇಕಾದರೆ ಮೊದಲೇ ಫೋಟೋ ಕೊಟ್ಟು ಹೆಸರು ನೋಂದಾಯಿಸಿರಬೇಕು. ಟಿಕೆಟಿನ ಮೇಲೆ ನಮ್ಮ ಮುಖವೇ ಅಚ್ಚಾಗಿ ಬರುತ್ತದೆ, ಇನ್ನೊಬ್ಬರಿಗೆ ಮಾರುವ ಹಾಗಿಲ್ಲ. ಒಬ್ಬರು ಒಮ್ಮೆಗೆ ಆರು ಟಿಕೆಟ್ ತೆಗೆಯಬಹುದು. ಆ ವರ್ಷದ್ದು ಹಿಂದಿನ ಅಕ್ಟೋಬರಿನಲ್ಲೇ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಹೀಗೆ ಕಷ್ಟಪಟ್ಟು ಗಿಟ್ಟಿಸಿದ ಮೇಲೆ ಮಳೆ ಬಂತು ಅಂತ ಯಾರೂ ಮನೆಯಲ್ಲಿ ಕೂರುವುದಿಲ್ಲ. ಕಾರಿನ ಫಜೀತಿ ನೋಡಿ ನಾವು ಬಸ್ಸು ಹಿಡಿದೆವು.

ಒಳಗೆ ಕಾಲಿಟ್ಟಾಗ ನನಗೆ ಮೊದಲು ಕಂಡದ್ದು ವೇದಿಕೆಯಲ್ಲ, ಮಣ್ಣು. ತೀರ್ಥಹಳ್ಳಿ ಕಡೆಯ ಗದ್ದೆಯಂಚಿನಲ್ಲಿ ಬೆಳೆದವನಿಗೆ ಕಣ್ಣು ಹೋಗುವುದೇ ಅಲ್ಲಿಗೆ. ಮೆಂಡಿಪ್ ಗುಡ್ಡಗಳ ತೆಂಕಣ ಕಣಿವೆಯ ಈ ನೆಲ ಜೇಡಿಯದ್ದು. ಜೇಡಿ ನೀರು ಕುಡಿಯುವುದು ನಿಧಾನ, ಬಿಡುವುದು ಇನ್ನೂ ನಿಧಾನ. ಮಳೆಯೊಂದೇ ಆಗಿದ್ದರೆ ಹುಲ್ಲಿನ ಬೇರು ಹೇಗೋ ನೆಲವನ್ನು ಹಿಡಿದಿಡುತ್ತಿತ್ತು. ಆದರೆ ಆ ಹುಲ್ಲಿನ ಮೇಲೆ ಆ ವರ್ಷ ಸುಮಾರು 1.75 ಲಕ್ಷ ಜನ ಹಗಲೂ ರಾತ್ರಿ ಓಡಾಡಿದರು. ಮೊದಲ ದಿನವೇ ಹುಲ್ಲು ಹೋಗುತ್ತದೆ. ಆಮೇಲೆ ಮಣ್ಣಿನ ಕಣಗಳ ನಡುವಿನ ಗಾಳಿ ಹೋಗುತ್ತದೆ. ನಾಟಿಗೆ ಮುಂಚೆ ನಾವು ಗದ್ದೆಗೆ ನೀರು ಕಟ್ಟಿ, ಹೂಡಿ, ಹಲಗೆ ಹೊಡೆದು ಮಾಡುವ ಕೆಲಸವೇ ಇದು: ಮೇಲೆ ಹದವಾದ ಕೆಸರು, ಕೆಳಗೆ ನೀರು ಇಂಗದ ಗಟ್ಟಿ ಪದರ. ನಾವು ಬೇಕೆಂದು ಮಾಡುತ್ತೇವೆ. ಇಲ್ಲಿ ಬೇಡಬೇಡವೆಂದರೂ ಆಗುತ್ತದೆ. ಮಳೆ ಕೊಡುವುದು ನೀರನ್ನು ಮಾತ್ರ, ಕೆಸರು ಮಾಡುವುದು ಕಾಲು.

ಆ ಕೆಸರಿಗೂ ಅವಸ್ಥೆಗಳಿವೆ. ಮಳೆ ಬೀಳುತ್ತಿರುವಾಗ ಅದು ಗಂಜಿ. ಕಾಲು ಸಲೀಸಾಗಿ ಇಳಿಯುತ್ತದೆ, ಸಲೀಸಾಗಿ ಏಳುತ್ತದೆ. ಹೊಸಬರು ಬಿಸಿಲು ಬರಲಿ ಅಂತ ಹಾರೈಸುತ್ತಾರೆ, ಹಳಬರು ನಗುತ್ತಾರೆ. ಎರಡು ಗಂಟೆ ಬಿಸಿಲು ಬಿದ್ದರೆ ಗಂಜಿ ಅಂಟಾಗುತ್ತದೆ. ಬೂಟು ಅಲ್ಲೇ ಉಳಿದು ಕಾಲೊಂದೇ ಮೇಲೆ ಬರುವುದು ಆಗ. ಒಂದೇ ಕಾಲಿನಲ್ಲಿ ನಿಂತು, ಕಾಲುಚೀಲದ ಪಾದವನ್ನು ಗಾಳಿಯಲ್ಲಿ ಹಿಡಿದು, ಪಕ್ಕದ ಅಪರಿಚಿತರ ಹೆಗಲಿಗೆ ಕೈಯಿಟ್ಟು ಬೂಟು ಕೀಳುತ್ತಿದ್ದವರು ಹೆಜ್ಜೆಗೊಬ್ಬರಂತೆ ಸಿಗುತ್ತಿದ್ದರು. ಹೆಗಲು ಕೊಟ್ಟವರಿಗೆ ಥ್ಯಾಂಕ್ಸ್ ಹೇಳುವ ಹೊತ್ತಿಗೆ ಅವರದೂ ಸಿಕ್ಕಿಕೊಂಡಿರುತ್ತಿತ್ತು.

ನಾನು ಊರಿನಿಂದ ತಂದಿದ್ದ ಟ್ರೆಕಿಂಗ್ ಬೂಟು ನೋಡಿ ತಂಗಿ, "ಅಣ್ಣಾ, ಇದನ್ನ ಮನೆಯಲ್ಲೇ ಇಡು. ಅಲ್ಲಿ ಗಂಬೂಟು ಬಿಟ್ಟು ಬೇರೆ ಏನೂ ನಡೆಯಲ್ಲ" ಅಂದಿದ್ದಳು. ಅಡಿಕೆಗೆ ಔಷಧಿ ಹೊಡೆಯುವವರ ಕಾಲಲ್ಲಿ ನೋಡಿದ್ದ ಗಂಬೂಟನ್ನು ನಾನು ಹಾಕಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಅದಕ್ಕೆ ವೆಲಿಂಗ್ಟನ್ ಡ್ಯೂಕನ ಹೆಸರು. ಈ ಡ್ಯೂಕ್ ನಮಗೆ ಗೊತ್ತಿಲ್ಲದವನೇನಲ್ಲ. ಬರಿಯ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ, 1799ರಲ್ಲಿ, ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದಿದ್ದ. ಏಪ್ರಿಲ್ 5ರ ರಾತ್ರಿ ಕೋಟೆಯ ಹೊರಗಿನ ಸುಲ್ತಾನಪೇಟೆ ತೋಪಿಗೆ ನುಗ್ಗಿ, ಅಡ್ಡಾದಿಡ್ಡಿ ನೀರುಗಾಲುವೆಗಳ ನಡುವೆ ಕತ್ತಲಲ್ಲಿ ದಿಕ್ಕುತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ವಾಪಸಾದ. ಮರುದಿನ ಬೆಳಕಿನಲ್ಲಿ ಹೋಗಿ ತೋಪನ್ನು ಹಿಡಿದ, ಅದು ಬೇರೆ ಮಾತು. ಮುಂದೆ ಲಂಡನ್ನಿನಲ್ಲಿ ಅವನು ಹೊಲಿಸಿಕೊಂಡ ಬೂಟು ತೊಗಲಿನದು. ರಬ್ಬರಿನದು ಬಂದದ್ದು 1850ರ ದಶಕದಲ್ಲಿ, ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿಮಾಡುವ ವಿದ್ಯೆ ತಿಳಿದ ಮೇಲೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ನೀರಿನಲ್ಲಿ ದಿನಗಟ್ಟಲೆ ನಿಂತ ಸೈನಿಕರ ಪಾದ ಕೊಳೆಯತೊಡಗಿದಾಗ ಈ ರಬ್ಬರ್ ಬೂಟುಗಳನ್ನೇ ಲಕ್ಷಗಟ್ಟಲೆ ಮಾಡಿಸಿದರು. ಗ್ಲಾಸ್ಟನ್‌ಬರಿಯ ಕೆಟ್ಟ ಮಳೆಗಾಲಗಳಲ್ಲಿ ಅದೇ ಕಂದಕದ ಕಾಯಿಲೆ ಹೊತ್ತು ಹುಡುಗರು ಚಿಕಿತ್ಸೆಯ ಡೇರೆಗೆ ಬಂದದ್ದಿದೆ. ತಂಗಿ ರಾತ್ರಿ ಮಲಗುವ ಮುಂಚೆ ಟಾರ್ಚು ಬಿಟ್ಟು ನನ್ನ ಕಾಲ್ಬೆರಳ ಸಂದಿ ನೋಡುತ್ತಿದ್ದಳು, "ಒರೆಸಿಕೊಂಡು ಪೌಡರ್ ಹಾಕ್ಕೋ, ಹಾಗೇ ಮಲಗಬೇಡ" ಎಂದು ಗದರುತ್ತಿದ್ದಳು.

ಈ ಉತ್ಸವ ಹುಟ್ಟಿದ್ದು ಹಾಲಿನ ಲೆಕ್ಕದಲ್ಲಿ. ವರ್ದಿ ಫಾರ್ಮಿನ ಮೈಕೆಲ್ ಈವಿಸ್‌ಗೆ ಹತ್ತೊಂಬತ್ತು ವರ್ಷವಾಗಿದ್ದಾಗ, 1954ರಲ್ಲಿ, ತಂದೆ ತೀರಿಕೊಂಡರು. ಹಡಗಿನ ಕೆಲಸ ಬಿಟ್ಟು ಬಂದ ಹುಡುಗನಿಗೆ ಸಿಕ್ಕಿದ್ದು 150 ಎಕರೆ, 60 ಹಸು, ಜೊತೆಗೆ ಸಾಲ. 1970ರ ಬೇಸಿಗೆಯಲ್ಲಿ ಶೆಪ್ಟನ್ ಮ್ಯಾಲೆಟ್ ಪಟ್ಟಣದ ಬಳಿ ಬಯಲಿನಲ್ಲಿ ನಡೆದ ಬ್ಲೂಸ್ ಉತ್ಸವದಲ್ಲಿ ಲೆಡ್ ಝೆಪೆಲಿನ್ ಕೇಳಿ ಬಂದವರು, ನಮ್ಮ ಹೊಲದಲ್ಲೇ ಯಾಕೆ ಮಾಡಬಾರದು ಅಂದುಕೊಂಡರು. ಅದೇ ವರ್ಷ ಸೆಪ್ಟೆಂಬರ್ 19ಕ್ಕೆ ಮಾಡಿಯೇಬಿಟ್ಟರು. ಜಿಮಿ ಹೆಂಡ್ರಿಕ್ಸ್ ಸತ್ತ ಮರುದಿನ ಅದು. ಬರಬೇಕಿದ್ದ ಕಿಂಕ್ಸ್ ತಂಡ ಕೈಕೊಟ್ಟಿತು, ಬದಲಿಗೆ ಮಾರ್ಕ್ ಬೋಲನ್ ತಂಡ ಬಂತು. ಟಿಕೆಟ್ ಒಂದು ಪೌಂಡ್, ಜೊತೆಗೆ ಫಾರ್ಮಿನ ಹಾಲು ಪುಕ್ಕಟೆ. ಬಂದವರು 1,500 ಮಂದಿ. ಸಾಲ ತೀರಲಿಲ್ಲ. ಆದರೂ ಬಿಡಲಿಲ್ಲ.

ಮರುವರ್ಷ ಮೊದಲ ಪಿರಮಿಡ್ ವೇದಿಕೆ ಎದ್ದಿತು. ಬೆಳಗಿನ ಜಾವ ಅದರ ಮೇಲೆ ಡೇವಿಡ್ ಬೋವಿ ಹಾಡಿದರು. 1981ರಲ್ಲಿ ಕಟ್ಟಿದ ಎರಡನೇ ಪಿರಮಿಡ್ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಉತ್ಸವದ ದಿನಗಳಲ್ಲಿ ವೇದಿಕೆ, ಉಳಿದಂತೆ ದನದ ಕೊಟ್ಟಿಗೆ. ಅದು 1994ರಲ್ಲಿ ಸುಟ್ಟುಹೋಯಿತು. ಈಗಿರುವ ಮೂವತ್ತು ಮೀಟರಿನ ಉಕ್ಕಿನ ಪಿರಮಿಡ್ 2000ದ್ದು, ಅದರಲ್ಲಿ ಹಸುವಿಗೆ ಜಾಗವಿಲ್ಲ.

ಕೆಸರಿಗೆ ಹೆಸರು ಬಂದದ್ದು 1997ರಲ್ಲಿ. ಅದಕ್ಕೆ ಮುಂಚೆ ಮಳೆ ಬಂದಿರಲಿಲ್ಲವೆಂದಲ್ಲ. ಬಿಬಿಸಿ ಮೊದಲ ಸಲ ಈ ಉತ್ಸವವನ್ನು ತೋರಿಸಿದ್ದು ಆ ವರ್ಷ. ಕೆಸರಿನಲ್ಲಿ ಜಾರುವವರು, ಮೈತುಂಬ ಬಳಿದುಕೊಂಡು ಕುಣಿಯುವವರು ಮನೆಮನೆಯ ಪರದೆಗೆ ಬಂದರು. ಶನಿವಾರ ರಾತ್ರಿಯ ರೇಡಿಯೋಹೆಡ್ ಕಛೇರಿಯನ್ನು ಜನ ಇಂದಿಗೂ ನೆನೆಯುತ್ತಾರೆ. ಮರುವರ್ಷ ಮತ್ತೆ ಮಳೆ. ಆ ಸಲ ಕುಣಿತದ ಡೇರೆಯೊಳಗಿನ ಕೆಸರುನೀರು ಹೀರಲು ತಂದ ಟ್ಯಾಂಕರು, ಹೀರುವ ಬದಲು ತನ್ನ ಹೊಟ್ಟೆಯಲ್ಲಿದ್ದ ಪಾಯಿಖಾನೆಯ ಕೊಳಚೆಯನ್ನೇ ಒಳಗೆ ಉಗುಳಿತು ಎಂಬ ಕತೆಯನ್ನು ಹಳಬರು ಊಟದ ಹೊತ್ತಿಗೇ ಹೇಳುತ್ತಾರೆ. 2005ರಲ್ಲಿ ಶುಕ್ರವಾರ ಬೆಳಿಗ್ಗೆ ಗುಡುಗು ಮಿಂಚಿನೊಂದಿಗೆ ಸುರಿದ ಮಳೆಗೆ ತಗ್ಗಿನ ಡೇರೆಗಳು ತೇಲಿದವು. 2007ರಲ್ಲಿ ಶರ್ಲಿ ಬ್ಯಾಸಿ ತನ್ನ ಹೆಸರಿನ ಅಕ್ಷರಗಳನ್ನು ಹರಳಿನಲ್ಲಿ ಪೋಣಿಸಿದ ಗಂಬೂಟು ತೊಟ್ಟು ಬಂದಾಗ ಕೆಸರು ಫ್ಯಾಷನ್ ಆಗಿಹೋಗಿತ್ತು. 2016ರಲ್ಲಿ ಎಂಬತ್ತರ ಈವಿಸ್, ತಾನು ಜನ್ಮದಲ್ಲಿ ಇಂಥ ಕೆಸರು ನೋಡಿಲ್ಲ, 1997ರದ್ದೂ ಇದರ ಮುಂದೆ ಏನಲ್ಲ ಎಂದರು. ಆ ಮಾತನ್ನು ಅವರು ಹೇಳಿದ್ದು ಹೆಚ್ಚುಕಡಿಮೆ ಹೆಮ್ಮೆಯಲ್ಲೇ. ದಾರಿಗೆ ಹಾಸಲು ದಕ್ಷಿಣ ಇಂಗ್ಲೆಂಡಿನಲ್ಲಿದ್ದ ಮರದ ಚಕ್ಕೆಯನ್ನೆಲ್ಲ ತರಿಸಿ ಮುಗಿಸಿದ್ದೇವೆ ಎಂದೂ ಸೇರಿಸಿದರು.

ಇಷ್ಟೆಲ್ಲ ನಡೆಯುವ ಮುಂಚೆ ಅಮೆರಿಕದಲ್ಲಿ ಇನ್ನೊಂದು ಹಾಲಿನ ಫಾರ್ಮು ಹೀಗೇ ಕೆಸರಾಗಿತ್ತು. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವ ನಡೆದದ್ದು ನ್ಯೂಯಾರ್ಕ್ ರಾಜ್ಯದ ಬೆಥೆಲ್‌ನಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರನ 600 ಎಕರೆ ಜಮೀನಿನಲ್ಲಿ. ಬೇರೆ ಊರು ಬೇಡವೆಂದ ಮೇಲೆ ಅವರು ಜಾಗ ಕೊಟ್ಟಿದ್ದರು. ಯಾಸ್ಗರ್ ಹಾಲು ಕೊಳ್ಳಬೇಡಿ ಎಂದು ನೆರೆಯವರು ಬೋರ್ಡು ಬರೆದಿಟ್ಟರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಂದರು. ಮೊದಲ ರಾತ್ರಿ, ಅಂದರೆ ಆಗಸ್ಟ್ 15ರಂದು, ಮಳೆಯಲ್ಲಿ ಸಿತಾರ್ ನುಡಿಸಿದವರು ಪಂಡಿತ್ ರವಿಶಂಕರ್. ತಬಲಾದಲ್ಲಿ ಅಲ್ಲಾ ರಖಾ, ತಂಬೂರಿಯಲ್ಲಿ ಮಾಯಾ ಕುಲಕರ್ಣಿ. ತೇವಕ್ಕೆ ತಬಲಾದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಸಿತಾರಿನ ತರಫ್ ತಂತಿಗಳು ಮಾತು ಕೇಳುವುದಿಲ್ಲ. ಯಾವ ಸಂಗೀತಗಾರನೂ ಬಯಸುವ ಸ್ಥಿತಿಯಲ್ಲ ಅದು. ಆ ಕೆಸರಿನಲ್ಲಿ ಹೊರಳುವ ಜನರನ್ನು ಕಂಡು ತಮಗೆ ನಮ್ಮೂರ ಕೆಸರುಹೊಂಡದಲ್ಲಿ ಮಲಗುವ ಎಮ್ಮೆಗಳ ನೆನಪಾಯಿತೆಂದು ಪಂಡಿತರು ಮುಂದೆ ಹೇಳಿಕೊಂಡರು. ಅದು ತಮಾಷೆಯ ಮಾತಲ್ಲ. ನಶೆಯಲ್ಲಿದ್ದ ಜನರ ಮುಂದೆ ರಾಗ ನುಡಿಸಬೇಕಾದದ್ದು ಅವರಿಗೆ ನೋವು ತಂದಿತ್ತು. ವುಡ್‌ಸ್ಟಾಕ್ ಬಗ್ಗೆ ಬಂದಿರುವ ಅಷ್ಟೊಂದು ಭಕ್ತಿಯ ಬರಹದ ನಡುವೆ ನನಗೆ ಎಮ್ಮೆಯ ಮಾತೇ ಹೆಚ್ಚು ನಂಬಿಕೆಯದ್ದು.

ನಮ್ಮ ಕಡೆ ಹೀಗೆ ಮಳೆಗೂ ಆಟಕ್ಕೂ ಗಂಟು ಹಾಕುವ ಪ್ರಶ್ನೆಯೇ ಇಲ್ಲ. ಯಕ್ಷಗಾನದ ಬಯಲಾಟ ಮೇಳಗಳು ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಮಳೆಗಾಲ ಕಳೆದ ಮೇಲೆ. ಇಂಗ್ಲೆಂಡಿನಲ್ಲಿ ಮಳೆಗೆ ಕಾಲವೇ ಇಲ್ಲ, ಹಾಗಾಗಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ನಾನು ಅಭ್ಯಾಸಬಲದಿಂದ ಪಿರಮಿಡ್ ಮುಂದೆ ಕೊಡೆ ಬಿಚ್ಚಿದೆ. ಹಿಂದಿದ್ದ ಹತ್ತಾರು ಜನ ಒಂದೇ ಉಸಿರಿಗೆ ಉಹೂಂ ಅಂದರು. ಮಡಿಸಿದೆ. ಬಣ್ಣಬಣ್ಣದ ಎತ್ತರದ ಬಾವುಟ ಹಿಡಿದು ವೇದಿಕೆ ಮರೆಮಾಡಿ ನಿಂತವರಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ.

ಶುಕ್ರವಾರದ ಬೆಳಗಿನ ಮಾತು ಹೇಳಲೇಬೇಕು. ಹಿಂದಿನ ದಿನ, ಜೂನ್ 23ರಂದು, ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂದು ಮತ ಹಾಕಿತ್ತು. ಅಂಚೆಯಲ್ಲಿ ಮೊದಲೇ ಮತ ಕಳಿಸಿ ಬನ್ನಿ ಎಂದು ಸಂಘಟಕರು ತಿಂಗಳ ಮುಂಚಿನಿಂದ ಹೇಳುತ್ತಿದ್ದರು. ಬೆಳಿಗ್ಗೆ ಡೇರೆಗಳ ಝಿಪ್ ಎಳೆಯುವ ಸದ್ದಿನ ಜೊತೆಗೇ ಫಲಿತಾಂಶ ಹರಡಿತು: ಬಿಡಬೇಕೆಂದವರು ಶೇ 51.9. ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದವರು ಬ್ರಷ್ ಬಾಯಲ್ಲೇ ಇಟ್ಟುಕೊಂಡು ಒಬ್ಬರ ಫೋನ್ ಮತ್ತೊಬ್ಬರು ಇಣುಕುತ್ತಿದ್ದರು. ನಮ್ಮ ಸಾಲಿನ ಕೊನೆಯ ಡೇರೆಯಲ್ಲಿ ಒಂದು ಹುಡುಗಿ ಅಳುತ್ತಿದ್ದಳು. ಅವಳ ಪಕ್ಕದ ಡೇರೆಯವನು ಬಿಡಬೇಕೆಂದೇ ಮತ ಹಾಕಿ ಬಂದವನಂತೆ. ಏನೂ ಮಾತಾಡದೆ ಎಲ್ಲರಿಗೂ ಚಹಾ ಕಾಯಿಸಿ ಕೊಟ್ಟ.

ಪಿರಮಿಡ್ ವೇದಿಕೆಯಲ್ಲಿ ಅಂದು ಮೊದಲು ಬಂದವರು ಸಿರಿಯಾದ ಸಂಗೀತಗಾರರ ದೊಡ್ಡ ಮೇಳ. ಯುದ್ಧದಿಂದ ನಾನಾ ದೇಶಗಳಿಗೆ ಚದುರಿದ್ದವರಲ್ಲಿ ಹಲವರನ್ನು ಬ್ಲರ್ ತಂಡದ ಡೇಮನ್ ಆಲ್ಬರ್ನ್ ಮತ್ತು ಆಫ್ರಿಕಾ ಎಕ್ಸ್‌ಪ್ರೆಸ್ ಬಳಗ ಒಟ್ಟುಗೂಡಿಸಿತ್ತು. ಪ್ರಜಾಪ್ರಭುತ್ವ ನಮ್ಮ ಕೈಬಿಟ್ಟಿತು ಎಂಬರ್ಥದ ನಾಲ್ಕು ಮಾತು ಆಡಿ ಆಲ್ಬರ್ನ್ ಪಕ್ಕಕ್ಕೆ ಸರಿದರು. ಮೊಣಕಾಲುದ್ದ ಕೆಸರಿನಲ್ಲಿ ನಿಂತ ಜನರ ಮುಂದೆ ಒಗೆದು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವರು ಊದ್, ಕಾನೂನ್ ಎಂಬ ತಂತಿವಾದ್ಯಗಳನ್ನು ಮೀಟುತ್ತಿದ್ದರು. ಅರಬ್ಬಿ ಸ್ವರಗಳ ಆ ಸಣ್ಣ ಸಣ್ಣ ಇಳಿತ ನಮ್ಮ ಕಿವಿಗೆ ಅಷ್ಟೇನೂ ಹೊಸದಲ್ಲ. ನನಗೆ ಎಲ್ಲೋ ತೋಡಿ ರಾಗ ಸುಳಿದ ಹಾಗಾಯಿತು. ಗಡಿ ಮುಚ್ಚಬೇಕೆಂದು ಒಂದು ದೇಶ ತೀರ್ಮಾನಿಸಿದ ಬೆಳಿಗ್ಗೆ ನಿರಾಶ್ರಿತರು ಬಂದು ನುಡಿಸಿದ್ದಕ್ಕೆ ಕಾರ್ಯಕ್ರಮ ಪಟ್ಟಿಯ ಕಾಕತಾಳೀಯವಷ್ಟೇ ಕಾರಣ. ಆದರೆ ಆ ಮೂರು ದಿನಗಳಲ್ಲಿ ಕೇಳಿದ್ದರಲ್ಲಿ ನನ್ನೊಳಗೆ ನಿಂತದ್ದು ಅದೇ. ರಾತ್ರಿಯ ಮ್ಯೂಸ್ ತಂಡದ ಬೆಂಕಿ ಬೆಳಕು ಕಣ್ಣಿಗೆ ಹಬ್ಬ, ಕಿವಿಗೆ ಅಷ್ಟಕ್ಕಷ್ಟೆ. ಶನಿವಾರ ಅಡೆಲ್ ಬಂದಾಗ ಗುಡ್ಡದ ಇಳಿಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಸರು ಕಾಣದ ಉದ್ದ ಗೌನು, ಹಾಡಿನ ನಡುನಡುವೆ ಲಂಡನ್ ಬೀದಿಯ ಬೈಗುಳ, ಮತ್ತೆ ಎಲ್ಲರ ಎದೆ ಹಿಂಡುವ ಹಾಡು. ಅಷ್ಟು ಜನ ಒಟ್ಟಿಗೆ ದನಿಗೂಡಿಸಿದಾಗ ಮುಂದಿನವರ ಹಾಡು ಹಿಂದಿನವರಿಗೆ ತಡವಾಗಿ ಮುಟ್ಟಿ, ಸಾಲೊಂದು ಗುಡ್ಡ ಹತ್ತಿ ಹೋಗುವುದು ಕಿವಿಗೇ ಗೊತ್ತಾಗುತ್ತಿತ್ತು.

ಹೊಟ್ಟೆಪಾಡಿನ ಬಗ್ಗೆ ಎರಡು ಮಾತು. ಗೋವಾ ಶೈಲಿಯ ಮೀನು ಸಾರು, ಅನ್ನ ಮಾರುವ ಅಂಗಡಿಯ ಮುಂದೆ ಯಾವಾಗಲೂ ಸಾಲು. ಹರೇ ಕೃಷ್ಣ ಪಂಥದವರ ಡೇರೆಯಲ್ಲಿ ಊಟ ಪುಕ್ಕಟೆ. ಅದು ದಶಕಗಳಿಂದ ನಡೆದು ಬಂದದ್ದು. ಆದರೆ ಒಳಗೆ ಬರಿಗಾಲಲ್ಲಿ ಹೋಗಬೇಕು. ಡೇರೆಯ ಬಾಗಿಲಲ್ಲಿ ಗಂಬೂಟುಗಳ ಗುಡ್ಡೆ, ಎಲ್ಲವೂ ಒಂದೇ ಬಣ್ಣ, ಕೆಸರಿನದು. ದಾಲ್, ಅನ್ನ ಉಂಡು ಹೊರಬಂದವರು ಒಂದೊಂದನ್ನೇ ಎತ್ತಿ ಅಡಿಯ ನಂಬರು ಕೆರೆದು ನೋಡಿ ಕೆಳಗಿಡುತ್ತಿದ್ದರು. ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡ ಅನುಭವವಿರುವ ನಾನು ಮೊದಲೇ ಎರಡಕ್ಕೂ ದಾರ ಕಟ್ಟಿದ್ದೆ.

ಪಾಯಿಖಾನೆಯ ವರ್ಣನೆ ಭಾನುವಾರ ಬೆಳಗಿನ ಓದಿಗೆ ತಕ್ಕದ್ದಲ್ಲ. ಬಾಗಿಲು ಉಂಟು, ಮೇಲ್ಛಾವಣಿ ಇಲ್ಲ, ಕೆಳಗೆ ಆಳದ ಗುಂಡಿ ಉಂಟು ಎಂದರೆ ಸಾಕು. ಅವುಗಳನ್ನೂ ಕುಡಿಯುವ ನೀರಿನ ನಲ್ಲಿಗಳನ್ನೂ ನೋಡಿಕೊಳ್ಳುವವರು ವಾಟರ್‌ಏಡ್ ಸಂಸ್ಥೆಯ ಸ್ವಯಂಸೇವಕರು. ಮಳೆಯಲ್ಲಿ ನಗುತ್ತ ನಿಂತಿದ್ದ ಅವರನ್ನು ನೋಡಿದ ಮೇಲೆ ಟಿವಿಯ ಕೆಸರು ಕುಣಿತದ ಚಿತ್ರಗಳು ನನಗೆ ಸ್ವಲ್ಪ ಸುಳ್ಳೆನಿಸಿದವು. ಕ್ಯಾಮೆರಾ ಹುಡುಕುವುದು ಜಾರಿ ಬೀಳುವ ಇಪ್ಪತ್ತರ ಹುಡುಗನನ್ನು. ಗಾಲಿಕುರ್ಚಿಯ ಹೆಂಗಸನ್ನು ನಾಲ್ವರು ಎತ್ತಿ ದಾಟಿಸುವುದು, ಮಗುವಿನ ಗಾಡಿಯ ಚಕ್ರ ಸಿಕ್ಕಿ ತಾಯಿ ದಿಕ್ಕೆಟ್ಟು ನಿಲ್ಲುವುದು, ರಾತ್ರಿಯಿಡೀ ಟ್ರ್ಯಾಕ್ಟರಿನಲ್ಲಿ ಹುಲ್ಲು, ಮರದ ಚಕ್ಕೆ ಸುರಿದ ರೈತ ಬೆಳಿಗ್ಗೆ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಿದ್ದೆಹೋಗಿರುವುದು ಯಾವ ವಿಡಿಯೋದಲ್ಲೂ ಬರುವುದಿಲ್ಲ. ಕೆಸರು ಮಜಾ ಅನ್ನಿಸುವುದು ಅದನ್ನು ತೊಳೆದುಕೊಂಡು ಮನೆಗೆ ಹೋಗುವವರಿಗೆ.

ಸೋಮವಾರ ಬೆಳಿಗ್ಗೆ ಈ ಮಾತಿಗೆ ಸಾಕ್ಷಿ ಕಣ್ಣಳತೆಯುದ್ದಕ್ಕೂ ಬಿದ್ದಿತ್ತು. ನೆನೆದು ಭಾರವಾದ ಡೇರೆ ಹೊರುವ ಗೋಜಿಗೆ ಹೋಗದೆ ಸಾವಿರಾರು ಮಂದಿ ಹಾಗೇ ಬಿಟ್ಟು ಹೋಗಿದ್ದರು. ನೆಲವನ್ನು ಪ್ರೀತಿಸಿ, ಏನನ್ನೂ ಬಿಟ್ಟುಹೋಗಬೇಡಿ ಎಂಬ ಬೋರ್ಡಿನ ಕೆಳಗೇ ಕುರ್ಚಿ, ಹಾಸಿಗೆ, ಒಂಟಿ ಬೂಟು. ರೈತನಿಗೆ ಇದರಲ್ಲಿ ಹೆಚ್ಚು ಭಯ ಕಣ್ಣಿಗೆ ಕಾಣುವ ಕಸದ್ದಲ್ಲ, ಡೇರೆಯ ಸಣ್ಣ ಕಬ್ಬಿಣದ ಗೂಟದ್ದು. ಕೆಸರಲ್ಲಿ ಹೂತ ಗೂಟ ಹುಲ್ಲಿನ ಜೊತೆ ಹಸುವಿನ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ಹಾಲು ಕರೆಯುವವರಿಗೆ ಹೇಳಬೇಕಿಲ್ಲ. ಹಿಂದೊಮ್ಮೆ ಮಣ್ಣಲ್ಲಿ ಕರಗುವ ಗೂಟಗಳನ್ನು ಇಲ್ಲೇ ಹಂಚಿದ್ದರು. ಉತ್ಸವದ ದಿನಗಳಲ್ಲಿ ಹಸುಗಳು ಕೊಟ್ಟಿಗೆಯಲ್ಲೇ ಇರುತ್ತವೆ. ಸ್ವಯಂಸೇವಕರ ಪಡೆ ಸಾಲಾಗಿ ನಿಂತು ವಾರಗಟ್ಟಲೆ ಹೆಕ್ಕಿದ ಮೇಲೆ, ನೆಲಕ್ಕೆ ಕುಂಟೆ ಹೊಡೆದು ಹುಲ್ಲಿನ ಬೀಜ ಬಿತ್ತಿ, ಅದು ಬೇರು ಹಿಡಿದ ಮೇಲೆ ಅವು ಹೊರಗೆ ಬರುತ್ತವೆ.

ಐದಾರು ವರ್ಷಕ್ಕೊಮ್ಮೆ ಉತ್ಸವವನ್ನೇ ಬಿಟ್ಟು ನೆಲಕ್ಕೆ ರಜೆ ಕೊಡುವ ಪದ್ಧತಿಯೂ ಇದೆ. ಈ ಪ್ರಮಾಣದ ವ್ಯಾಪಾರವನ್ನು ಹುಲ್ಲಿಗಾಗಿ ಒಂದು ವರ್ಷ ನಿಲ್ಲಿಸಲು ಕಂಪನಿಯ ತಲೆ ಒಪ್ಪುವುದಿಲ್ಲ, ರೈತನ ತಲೆ ಒಪ್ಪುತ್ತದೆ. 2012 ಹಾಗೆ ಬೀಳುಬಿಟ್ಟ ವರ್ಷ, ಆಮೇಲೆ 2018. ನಡುವಿನ 2017ರಲ್ಲಿ ತಂಗಿ ಗೆಳತಿಯರೊಂದಿಗೆ ಮತ್ತೆ ಹೋದಳು. ಗೇಟು ತೆರೆದ ಬುಧವಾರವೇ ಇಂಗ್ಲೆಂಡಿನಲ್ಲಿ 1976ರ ನಂತರದ ಅತಿ ಬಿಸಿಯ ಜೂನ್ ದಿನ. ಲಂಡನ್ನಿನ ಹೀಥ್ರೋದಲ್ಲಿ 34.5 ಡಿಗ್ರಿ. ಫೋನಿನಲ್ಲಿ ಅವಳ ದನಿ ಕಟ್ಟಿತ್ತು. "ಏನಾಯ್ತೇ, ಶೀತವಾ?" ಅಂದೆ. "ಶೀತ ಅಲ್ಲ ಅಣ್ಣಾ, ಧೂಳು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಓಡಾಡ್ತಿದೀವಿ. ಇಲ್ಲಿ ಎಲ್ಲರೂ ಮಳೆ ಯಾವಾಗ ಬರತ್ತೆ ಅಂತ ಕಾಯ್ತಿದಾರೆ."